ಐಸ್ ಹಾಕಿಯ ಪ್ರತಿ ನಿಯಮದ ಹಿಂದೆ ಒಬ್ಬ ಜಾಣ

ಕೆನಡಾದ ಎಡ್ಮಂಟನ್‌ಗೆ ಹೊಸದಾಗಿ ಬರುವ ಕನ್ನಡದವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ದಪ್ಪ ಜಾಕೆಟ್ ಎಲ್ಲಿ ತಗೋಬೇಕು, ಕಾರಿನ ಬ್ಲಾಕ್ ಹೀಟರ್ ಎಷ್ಟು ಹೊತ್ತು ಹಾಕಿಡಬೇಕು, ಮೈನಸ್ ಇಪ್ಪತ್ತೈದರಲ್ಲೂ ಮಕ್ಕಳನ್ನು ಶಾಲೆಗೆ ಕಳಿಸ್ತಾರಾ. ಇದೆಲ್ಲ ಮುಗಿದ ಮೇಲೆ, ಸ್ವಲ್ಪ ಸಂಕೋಚದಲ್ಲಿ, ಇನ್ನೊಂದು ಬರುತ್ತದೆ. "ಅಕ್ಕಾ, ಈ ಹಾಕಿ ಏನು ಅಂತ ಒಂದ್ಸಲ ಹೇಳಿಕೊಡಿ. ಆಫೀಸಲ್ಲಿ ಬೆಳಿಗ್ಗೆ ಎಲ್ರೂ ಅದನ್ನೇ ಮಾತಾಡ್ತಾರೆ. ನಾನು ಸುಮ್ನೆ ತಲೆ ಆಡಿಸಿ ಕಾಫಿ ತಗೊಂಡು ಬಂದ್ಬಿಡ್ತೀನಿ."

ಹಾಗೆ ತಲೆ ಆಡಿಸಿ ಬಂದುಬಿಡುವವರಿಗಾಗಿ ಈ ಬರಹ. ನಿಯಮಗಳ ಪಟ್ಟಿ ಕೊಟ್ಟು ಮುಗಿಸಬಹುದಿತ್ತು. ಆದರೆ ಪಟ್ಟಿ ಓದಿದರೆ ಈ ಆಟ ತಲೆಗೆ ಹತ್ತುವುದಿಲ್ಲ. ನನಗೆ ಆಟ ಹಿಡಿಸಿದ್ದು ಬೇರೆ ದಾರಿಯಲ್ಲಿ. ಯಾವ ನಿಯಮ ವಿಚಿತ್ರ ಅನ್ನಿಸಿತೋ ಅದು ಯಾವಾಗ ಬಂತು, ಯಾಕೆ ಬಂತು ಅಂತ ಹುಡುಕುತ್ತಾ ಹೋದೆ. ಬಹಳ ಸಲ ಅಲ್ಲೊಬ್ಬ ಮನುಷ್ಯ ಸಿಗುತ್ತಿದ್ದ. ಇದ್ದ ನಿಯಮದಲ್ಲೇ ಒಂದು ಸಂದು ಕಂಡುಕೊಂಡು ಅದರಲ್ಲಿ ನುಸುಳಿದ ಜಾಣ. ಅವನನ್ನು ಹಿಡಿಯಲು ಲೀಗ್‌ನವರು ಹೊಸ ಸಾಲು ಬರೆದರು. ನೂರು ವರ್ಷಕ್ಕೂ ಮೇಲಿಂದ ಇದೇ ನಡೆದಿದೆ. ಹಾಗಾಗಿ ಹೊಸಬರ "ಯಾಕೆ ಹೀಗೆ?" ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಈ ಆಟವನ್ನು ಕಟ್ಟಿದವರೂ ಅದನ್ನೇ ಕೇಳಿಕೊಂಡು ಕಟ್ಟಿದ್ದಾರೆ.

ಮೊದಲು ಅಂಗಳ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಮೂಲೆಗಳು ದುಂಡಗಿರುತ್ತವೆ. ಸುತ್ತ ಬೋರ್ಡ್ ಅನ್ನುವ ಗೋಡೆ, ಅದರ ಮೇಲೆ ದಪ್ಪ ಗಾಜು. ಪಕ್, ಅಂದರೆ ಇಲ್ಲಿ ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ, ಗೋಡೆಗೆ ಬಡಿದರೆ ಆಟ ನಿಲ್ಲುವುದಿಲ್ಲ. ಬೇಕಂತಲೇ ಗೋಡೆಗೆ ಬಡಿಸಿ ಎದುರಾಳಿಯ ಪಕ್ಕದಿಂದ ದಾಟಿಸುತ್ತಾರೆ. ಗೋಲಿನ ಹಿಂದೆಯೂ ಜಾಗ ಇದೆ, ಅಲ್ಲಿಂದಲೂ ಆಡಬಹುದು. ನಮ್ಮ ಊರಿನ ದೇವರು, ಎಡ್ಮಂಟನ್ ಆಯ್ಲರ್ಸ್ ತಂಡದ ಹಳೇ ಆಟಗಾರ ವೇಯ್ನ್ ಗ್ರೆಟ್ಸ್ಕಿ ಅಲ್ಲೇ ನಿಂತು ಅಷ್ಟು ಗೋಲು ಮಾಡಿಸಿದ್ದರಿಂದ ಇವತ್ತಿಗೂ ಆ ಜಾಗಕ್ಕೆ ಗ್ರೆಟ್ಸ್ಕಿಯ ಆಫೀಸು ಅನ್ನುತ್ತಾರೆ. ನಡುವೆ ಒಂದು ಕೆಂಪು ಗೆರೆ, ಅದರ ಎರಡೂ ಕಡೆ ಒಂದೊಂದು ನೀಲಿ ಗೆರೆ. ಈ ನೀಲಿ ಗೆರೆಗಳನ್ನು ನೆನಪಿಟ್ಟುಕೊಳ್ಳಿ, ಅರ್ಧ ಆಟ ಅಲ್ಲೇ ಇದೆ.

ಒಂದು ತಂಡದಲ್ಲಿ ಮಂಜಿನ ಮೇಲೆ ಆರು ಜನ. ಗೋಲ್‌ಕೀಪರ್, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆಟ 20 ನಿಮಿಷದ ಮೂರು ಪೀರಿಯಡ್. ಸೀಟಿ ಊದಿದಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ. ಹಾಗಾಗಿ ಒಂದು ಗಂಟೆಯ ಆಟ ಮುಗಿಯುವಷ್ಟರಲ್ಲಿ ಎರಡೂವರೆ ಗಂಟೆ ಆಗಿರುತ್ತದೆ. ಮನೆಯಲ್ಲಿ ಹೇಳಿಯೇ ಹೋಗಿ.

ಪಕ್ ಯಾಕೆ ಚಪ್ಪಟೆ, ಚೆಂಡು ಯಾಕಲ್ಲ? ಇದನ್ನು ಮಕ್ಕಳು ಕೇಳುತ್ತಾರೆ, ದೊಡ್ಡವರು ಕೇಳಲು ನಾಚುತ್ತಾರೆ. ದಾಖಲೆಯಲ್ಲಿರುವ ಮೊದಲ ಒಳಾಂಗಣ ಪಂದ್ಯ ನಡೆದದ್ದು 1875ರ ಮಾರ್ಚ್ 3ರಂದು, ಮಾಂಟ್ರಿಯಲ್‌ನ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ. ಅದಕ್ಕೂ ಮುಂಚೆ ಹೆಪ್ಪುಗಟ್ಟಿದ ಕೆರೆ ನದಿಗಳ ಮೇಲೆ ಚೆಂಡಿನಲ್ಲೂ ಆಡುತ್ತಿದ್ದರು. ನಾಲ್ಕು ಗೋಡೆಯ ಒಳಗೆ ಬಂದಾಗ, ಚೆಂಡು ಪುಟಿದು ನೋಡುವವರಿಗೆ ಬಡಿದೀತು ಅಂತ ಚಪ್ಪಟೆಯ ಮರದ ತುಂಡನ್ನು ಇಳಿಸಿದರು. ಈಗಿನ ಪಕ್ ಗಟ್ಟಿ ರಬ್ಬರಿನದು. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲ, ತೂಕ 156ರಿಂದ 170 ಗ್ರಾಂ. ರಬ್ಬರು ಬೆಚ್ಚಗಾದರೆ ಪುಟಿಯುತ್ತದೆ. ಆದ್ದರಿಂದ ಪಂದ್ಯಕ್ಕೆ ಮುಂಚೆ ಫ್ರೀಜರಿನಲ್ಲಿ ಇಟ್ಟಿರುತ್ತಾರೆ, ಆಟದ ನಡುವೆಯೂ ಬದಲಾಯಿಸುತ್ತಾರೆ.

"ಟೀವಿಯಲ್ಲಿ ಪಕ್ಕೇ ಕಾಣಲ್ಲ ಅಕ್ಕ" ಅನ್ನುವುದು ಎಲ್ಲರ ದೂರು. ಅಮೆರಿಕದವರಿಗೂ ಇದೇ ತೊಂದರೆ ಇತ್ತು. ಫಾಕ್ಸ್ ಚಾನೆಲ್ 1996ರಲ್ಲಿ ಪಕ್ ಒಳಗೆ ಎಲೆಕ್ಟ್ರಾನಿಕ್ಸ್ ಇಟ್ಟು, ಟೀವಿ ಪರದೆಯ ಮೇಲೆ ಅದರ ಸುತ್ತ ನೀಲಿ ಬೆಳಕು ಬರುವ ಹಾಗೆ ಮಾಡಿತ್ತು. ಜೋರಾಗಿ ಹೊಡೆದರೆ ಹಿಂದೆ ಕೆಂಪು ಬಾಲ. ಹಳೇ ಅಭಿಮಾನಿಗಳು ಸಿಟ್ಟಾದರು. ಎರಡೇ ವರ್ಷಕ್ಕೆ ಅದು ಹೋಯಿತು. ಈಗ ನಮ್ಮ ಕಣ್ಣೇ ಗತಿ. ನಾನು ಹೇಳುವ ಉಪಾಯ ಇಷ್ಟೇ: ಮೊದಲ ಪೀರಿಯಡ್ ಪೂರ್ತಿ ಪಕ್ ಹುಡುಕಬೇಡಿ. ಆಟಗಾರರ ಭುಜ ಯಾವ ಕಡೆ ತಿರುಗಿದೆ ನೋಡಿ. ಹತ್ತು ಜನರ ಭುಜ ಒಂದೇ ಮೂಲೆಗೆ ತಿರುಗಿದ್ದರೆ ಪಕ್ ಅಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಅದಾಗಿಯೇ ಪಕ್ ಮೇಲೆ ಕೂರುತ್ತದೆ.

ಆಮೇಲಿನ ಪ್ರಶ್ನೆ: ಇಷ್ಟು ಸಲ ಆಟಗಾರರು ಬದಲಾಗುವುದು ಯಾಕೆ? ಯಾರಿಗಾದರೂ ಏಟಾಯಿತಾ?

ಏಟಾಗಿಲ್ಲ. ಅದು ಈ ಆಟದ ಉಸಿರು. ಗೋಲ್‌ಕೀಪರ್ ಬಿಟ್ಟರೆ ಯಾರೂ ಸುಮಾರು 45 ಸೆಕೆಂಡಿಗಿಂತ ಜಾಸ್ತಿ ಮಂಜಿನ ಮೇಲೆ ಇರುವುದಿಲ್ಲ. ಅದಕ್ಕೆ ಶಿಫ್ಟ್ ಅನ್ನುತ್ತಾರೆ. ಆ 45 ಸೆಕೆಂಡು ಪೂರ್ತಿ ದಮ್ಮು ಕಟ್ಟಿ ಓಡುವ ಓಟ. ಒಂದು ತಂಡದಲ್ಲಿ ಫಾರ್ವರ್ಡ್‌ಗಳ ನಾಲ್ಕು ಗುಂಪು, ಡಿಫೆನ್ಸ್‌ನವರ ಮೂರು ಜೋಡಿ ಇರುತ್ತದೆ, ಸರದಿಯ ಮೇಲೆ ಇಳಿಯುತ್ತಾರೆ. ಆಟ ನಿಲ್ಲಿಸಿ ಬದಲಾಯಿಸಬೇಕೆಂದಿಲ್ಲ, ಓಡುತ್ತಿರುವಾಗಲೇ ಬದಲಾಗಬಹುದು.

ಬೆಂಚಿನ ಹತ್ತಿರ ಸೀಟು ಸಿಕ್ಕರೆ ಒಂದೈದು ನಿಮಿಷ ಅದನ್ನೇ ನೋಡಿ. ಬರುವವನು ದೂರದಿಂದಲೇ ಸ್ಟಿಕ್ ಎತ್ತಿ ತೋರಿಸುತ್ತಾನೆ. ಹೋಗಬೇಕಾದವನು ಆಗಲೇ ಗೋಡೆಯ ಮೇಲೆ ಒಂದು ಕಾಲು ಹಾಕಿ ಕೂತಿರುತ್ತಾನೆ. ಕೋಚ್ ಹಿಂದಿನಿಂದ ಭುಜ ತಟ್ಟುತ್ತಾರೆ. ಬಂದವನು ಬಾಗಿಲಿನಲ್ಲಿ ಒಳಗೆ ಬಿದ್ದ ಹಾಗೆ ಬಂದು ಕೂರುತ್ತಾನೆ, ಹೋಗುವವನು ಗೋಡೆ ಹಾರಿ ಇಳಿಯುತ್ತಾನೆ. ಕೂತವನ ಬೆನ್ನು ಏದುಸಿರಿಗೆ ಮೇಲೆ ಕೆಳಗೆ ಆಗುತ್ತಿರುತ್ತದೆ. ಯಾರೋ ಬಾಟಲಿ ಕೊಡುತ್ತಾರೆ, ಅರ್ಧ ಬಾಯಿಗೆ, ಅರ್ಧ ಮುಖಕ್ಕೆ. ಬಾಗಿಲ ಕಡೆಯಿಂದ ಒಳಗೆ ಸರಿಯುತ್ತಾ ಸರಿಯುತ್ತಾ ಎರಡು ನಿಮಿಷದಲ್ಲಿ ಅವನ ಸರದಿ ಮತ್ತೆ ಬಂದಿರುತ್ತದೆ. ಯಾವ ದೊಡ್ಡ ಸ್ಟಾರ್ ಆದರೂ ಮುಕ್ಕಾಲು ನಿಮಿಷಕ್ಕೆ ಜಾಗ ಬಿಟ್ಟುಕೊಡಲೇಬೇಕು. ಇದು ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಸಂಗತಿ.

ಇದರಲ್ಲಿ ಲೆಕ್ಕ ತಪ್ಪಿ ಏಳನೆಯವನು ಇಳಿದುಬಿಟ್ಟರೆ ಎರಡು ನಿಮಿಷದ ಪೆನಾಲ್ಟಿ. ಸಣ್ಣ ವಿಷಯ ಅನ್ನಿಸಬಹುದು. 1979ರ ಸೆಮಿಫೈನಲ್‌ನ ಏಳನೇ ಪಂದ್ಯದಲ್ಲಿ ಬಾಸ್ಟನ್ ತಂಡ ಮಾಂಟ್ರಿಯಲ್‌ನಲ್ಲಿ 4-3ರಿಂದ ಮುಂದಿತ್ತು. ಮೂರು ನಿಮಿಷವೂ ಉಳಿದಿರಲಿಲ್ಲ. ಆಗ ಬಾಸ್ಟನ್‌ಗೆ ಈ ಪೆನಾಲ್ಟಿ ಬಿತ್ತು. ಮಾಂಟ್ರಿಯಲ್‌ನ ಗೀ ಲಾಫ್ಲರ್ ಗೋಲು ಹೊಡೆದು ಸಮ ಮಾಡಿದರು, ಓವರ್‌ಟೈಮಿನಲ್ಲಿ ಮಾಂಟ್ರಿಯಲ್ ಗೆದ್ದಿತು, ಆ ವರ್ಷದ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು. ಬಾಸ್ಟನ್‌ನ ಹಿರಿಯರ ಹತ್ತಿರ ಇವತ್ತಿಗೂ ಈ ಮಾತು ಎತ್ತಬಾರದು.

ಈಗ ಆಫ್‌ಸೈಡ್. ಹೊಸಬರು ಕೈಚೆಲ್ಲುವುದು ಇಲ್ಲೇ. ನಿಯಮ ಹೀಗಿದೆ: ಎದುರಾಳಿಯ ನೀಲಿ ಗೆರೆಯನ್ನು ಮೊದಲು ಪಕ್ ದಾಟಬೇಕು, ಆಮೇಲೆ ನೀವು. ನಿಮ್ಮ ಎರಡೂ ಸ್ಕೇಟ್ ಪಕ್‌ಗಿಂತ ಮೊದಲೇ ಗೆರೆಯ ಆಚೆ ಹೋಗಿದ್ದರೆ ಆಫ್‌ಸೈಡ್. ಅಷ್ಟೇ.

ಯಾಕೆ ಅಂದರೆ 1929ನ್ನು ನೋಡಬೇಕು. ಅದಕ್ಕೂ ಮುಂಚೆ ಎದುರಾಳಿಯ ಗೋಲಿನ ಹತ್ತಿರ ಮುಂದಕ್ಕೆ ಪಾಸ್ ಕೊಡುವ ಹಾಗೇ ಇರಲಿಲ್ಲ. ಗೋಲುಗಳು ತೀರಾ ಕಮ್ಮಿ ಆಗಿ ಜನಕ್ಕೆ ಬೇಜಾರಾಗಿತ್ತು. 1929-30ರ ಸೀಸನ್ ಶುರುವಾದಾಗ ನೀಲಿ ಗೆರೆಗಳು ಮಾಡುವ ಮೂರೂ ಭಾಗಗಳ ಒಳಗೆ ಮುಂದಕ್ಕೆ ಪಾಸ್ ಕೊಡಬಹುದು ಅಂದರು. ಆಟಗಾರರು ಅದರ ಸಂದನ್ನು ಕೂಡಲೇ ಹಿಡಿದರು. ಒಬ್ಬ ಹೋಗಿ ಎದುರಾಳಿಯ ಗೋಲಿನ ಮುಂದೆ ನಿಂತುಬಿಡುವುದು, ಉಳಿದವರು ಪಕ್ ತಂದು ಅವನಿಗೆ ಕೊಡುವುದು. ಗೋಲುಗಳ ಮಳೆ. ಸೀಸನ್ ಮುಗಿಯುವವರೆಗೂ ಲೀಗ್ ಕಾಯಲಿಲ್ಲ. ಡಿಸೆಂಬರಿನಲ್ಲೇ ಹೊಸ ನಿಯಮ ಬಂತು: ಪಕ್‌ಗಿಂತ ಮೊದಲು ಯಾರೂ ಒಳಗೆ ಹೋಗಬಾರದು. ಗೋಲಿನ ಹತ್ತಿರ ಹೋಗಿ ಕಾದು ನಿಲ್ಲುವ ಸೋಮಾರಿತನಕ್ಕೆ ಹಾಕಿದ ಬೇಲಿ ಅಂತ ತಿಳಿದುಕೊಂಡರೆ ಆಫ್‌ಸೈಡ್ ಮರೆಯುವುದಿಲ್ಲ.

ನಮ್ಮ ನೆಲದ ಹಾಕಿಯಲ್ಲಿ 1990ರ ದಶಕದಲ್ಲಿ ಆಫ್‌ಸೈಡ್ ತೆಗೆದೇಬಿಟ್ಟರು. ಹಾಗಾಗಿ ಕೊಡಗಿನಿಂದ ಬಂದವರಿಗೆ ಇಲ್ಲಿ ಮೊದಮೊದಲು ಕಿರಿಕಿರಿ. ಕೊಡಗಿನವರ ಹತ್ತಿರ ಈ ಆಟದ ಮಾತು ಚೆನ್ನಾಗಿರುತ್ತದೆ. ಊರಿನಲ್ಲಿ 1997ರಿಂದ ನಡೆದು ಬಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿಕೊಂಡೇ ಬೆಳೆದವರು. ಅವರ ಕಣ್ಣು ಮೊದಲು ಹೋಗುವುದು ಸ್ಟಿಕ್ ಮೇಲೆ. ನಮ್ಮ ಹಾಕಿಯಲ್ಲಿ ಸ್ಟಿಕ್‌ನ ಚಪ್ಪಟೆ ಬದಿ ಒಂದರಲ್ಲೇ ಚೆಂಡು ಮುಟ್ಟಬೇಕು, ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಇಲ್ಲಿ ಎರಡೂ ಬದಿಯಲ್ಲಿ ಆಡಬಹುದು. ಎಡಕ್ಕೊಂದು, ಬಲಕ್ಕೊಂದು ಸ್ಟಿಕ್ ಅಂಗಡಿಯಲ್ಲೇ ಸಿಗುತ್ತದೆ. ಬಲಗೈಯಲ್ಲಿ ಬರೆಯುವ ಎಷ್ಟೋ ಜನ ಇಲ್ಲಿ ಎಡಗಡೆಯಿಂದ ಹೊಡೆಯುತ್ತಾರೆ. ಮಗುವಿಗೆ ಸ್ಟಿಕ್ ಕೊಳ್ಳುವ ಮುಂಚೆ ಅದರ ಕೈಗೆ ಒಂದು ಪೊರಕೆ ಕೊಟ್ಟು ಗುಡಿಸಲು ಹೇಳಿ. ಯಾವ ಕೈ ಕೆಳಗೆ ಹಿಡಿಯುತ್ತದೋ ಆ ಕಡೆಯ ಸ್ಟಿಕ್ ತರಬಹುದು.

ಐಸಿಂಗ್ ಕೂಡ ಆಫ್‌ಸೈಡ್‌ನ ತಮ್ಮನೇ. ನಡುವಿನ ಕೆಂಪು ಗೆರೆಗೆ ಮುಂಚೆಯೇ, ಅಂದರೆ ನಿಮ್ಮ ಅರ್ಧದಿಂದಲೇ, ಪಕ್ ಬೀಸಿ ಹೊಡೆದಿರಿ. ಅದು ಯಾರಿಗೂ ತಾಗದೆ ಎದುರಾಳಿಯ ಗೋಲ್ ಗೆರೆ ದಾಟಿ ಹೋಯಿತು. ಆಗ ಸೀಟಿ. ಪಕ್ ಮತ್ತೆ ನಿಮ್ಮ ಗೋಲಿನ ಹತ್ತಿರವೇ ಬರುತ್ತದೆ, ಅಲ್ಲಿ ಫೇಸ್ ಆಫ್, ಅಂದರೆ ಎರಡು ತಂಡದ ಒಬ್ಬೊಬ್ಬರ ನಡುವೆ ಪಕ್ ಬಿಟ್ಟು ಆಟ ಮತ್ತೆ ಶುರು ಮಾಡುವುದು. 1937ಕ್ಕೆ ಮುಂಚೆ ಹೀಗಿರಲಿಲ್ಲ. ಒಂದು ಗೋಲು ಮುಂದಿದ್ದ ತಂಡ ಪಕ್ ಸಿಕ್ಕಾಗಲೆಲ್ಲ ಆಚೆ ತುದಿಗೆ ಹೊಡೆದು ಹೊತ್ತು ಕಳೆಯುತ್ತಿತ್ತು. ದುಡ್ಡು ಕೊಟ್ಟು ಬಂದವರು ಅದನ್ನು ಎಷ್ಟು ಹೊತ್ತು ನೋಡಿಯಾರು?

ಈ ನಿಯಮಕ್ಕೂ ಆಮೇಲೆ ಸಂದು ಹುಡುಕಿದರು. ಆಟಗಾರರು ಸುಸ್ತಾದಾಗ ಬೇಕಂತಲೇ ಐಸಿಂಗ್ ಮಾಡಿ, ಆಟ ನಿಂತ ಹೊತ್ತಿನಲ್ಲಿ ಹೊಸಬರನ್ನು ಇಳಿಸುತ್ತಿದ್ದರು. 2005ರಿಂದ ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಾಯಿಸುವ ಹಾಗಿಲ್ಲ. ಸುಸ್ತಾದವರೇ ನಿಲ್ಲಬೇಕು. ಇದನ್ನು ತಿಳಿದುಕೊಂಡು ನೋಡಿದರೆ, ಐಸಿಂಗ್ ಆದ ಮೇಲಿನ ಫೇಸ್ ಆಫ್ ಪಂದ್ಯದ ತುಂಬಾ ಕಾವೇರಿದ ಹೊತ್ತು ಅಂತ ಗೊತ್ತಾಗುತ್ತದೆ. ಒಂದು ಕಡೆ ಆಗ ತಾನೇ ಇಳಿದ ಐದು ಜನ, ಇನ್ನೊಂದು ಕಡೆ ಮಂಡಿಯ ಮೇಲೆ ಸ್ಟಿಕ್ ಅಡ್ಡ ಇಟ್ಟು ಬಗ್ಗಿ ಉಸಿರು ಎಳೆಯುತ್ತಿರುವ ಐದು ಜನ.

ಪೆನಾಲ್ಟಿ ಸುಲಭ. ಕಾಲು ಎಡವಿಸಿದರೆ, ಸ್ಟಿಕ್‌ನಲ್ಲಿ ಸಿಕ್ಕಿಸಿ ಎಳೆದರೆ, ಪಕ್ ಇಲ್ಲದವನನ್ನು ತಡೆದರೆ, ಎರಡು ನಿಮಿಷ ಪೆನಾಲ್ಟಿ ಬಾಕ್ಸ್. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂತ ಹಾಗೆ, ಅವನ ತಂಡ ಅಷ್ಟು ಹೊತ್ತು ಒಬ್ಬ ಕಮ್ಮಿಯಲ್ಲೇ ಆಡಬೇಕು. ಎದುರಿನವರಿಗೆ ಅದು ಪವರ್ ಪ್ಲೇ. ದೊಡ್ಡ ತಪ್ಪಿಗೆ ಐದು ನಿಮಿಷ. ಎರಡು ನಿಮಿಷದ ಪೆನಾಲ್ಟಿಯಲ್ಲಿ ಎದುರಿನವರು ಒಂದು ಗೋಲು ಹೊಡೆದರೆ ಕೂತವನು ಎದ್ದು ಬರಬಹುದು. ಇದು ಯಾಕೆ?

ಇಲ್ಲಿ ಸಿಗುವ ಮನುಷ್ಯ ಮಾಂಟ್ರಿಯಲ್‌ನ ಜಾನ್ ಬೆಲಿವೊ. 1955ರ ನವೆಂಬರ್ 5ರಂದು ಬಾಸ್ಟನ್ ವಿರುದ್ಧ, ಬಾಸ್ಟನ್‌ನ ಇಬ್ಬರು ಪೆನಾಲ್ಟಿಯಲ್ಲಿ ಕೂತಿದ್ದಾಗ, 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. ಆಗ ಎಷ್ಟು ಗೋಲಾದರೂ ಎರಡು ನಿಮಿಷ ಪೂರ್ತಿ ಕೂರಲೇಬೇಕಿತ್ತು. ಮಾಂಟ್ರಿಯಲ್‌ನ ಪವರ್ ಪ್ಲೇ ಅಷ್ಟು ಜೋರಾಗಿತ್ತು, ಒಂದು ಪೆನಾಲ್ಟಿಯಲ್ಲೇ ಪಂದ್ಯ ಮುಗಿದುಹೋಗುತ್ತಿತ್ತು. 1956-57ರಿಂದ ಒಂದು ಗೋಲಿಗೆ ಬಿಡುಗಡೆ ಅಂತ ಮಾಡಿದರು.

ನಮ್ಮೂರಿನ ತಂಡಕ್ಕೂ ಇಂಥದ್ದೊಂದು ಗೌರವ ಇದೆ. ಎರಡೂ ಕಡೆಯ ಒಬ್ಬೊಬ್ಬರು ಒಟ್ಟಿಗೆ ಪೆನಾಲ್ಟಿಗೆ ಹೋದರೆ ಮಂಜಿನ ಮೇಲೆ ನಾಲ್ಕು ನಾಲ್ಕು ಜನ ಉಳಿಯುತ್ತಾರೆ. ಓಡಾಡಲು ಜಾಗ ಜಾಸ್ತಿ. ಗ್ರೆಟ್ಸ್ಕಿ, ಯಾರಿ ಕುರ್ರಿ, ಪಾಲ್ ಕಾಫಿ ಇದ್ದ ಎಡ್ಮಂಟನ್ ಆಯ್ಲರ್ಸ್‌ಗೆ ಆ ಜಾಗ ಸಿಕ್ಕರೆ ಕೇಳಬೇಕೆ? 1985ರಲ್ಲಿ ಲೀಗ್ ನಿಯಮ ಬದಲಾಯಿಸಿ, ಹೋದವರ ಜಾಗಕ್ಕೆ ಬೇರೆಯವರು ಬರಬಹುದು, ಆಟ ಐದು ಐದು ಜನರಲ್ಲೇ ನಡೆಯಲಿ ಅಂದಿತು. ಆದರೂ ಆಯ್ಲರ್ಸ್ 1987, 1988, 1990ರಲ್ಲಿ ಕಪ್ ಗೆದ್ದರು. ನಿಯಮವನ್ನು 1992ರಲ್ಲಿ ಮತ್ತೆ ಹಿಂದಕ್ಕೆ ತಂದರು. ಒಂದು ತಂಡ ಚೆನ್ನಾಗಿ ಆಡುತ್ತದೆ ಅಂತ ನಿಯಮ ತಿದ್ದಿದ್ದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಊರಿನಲ್ಲಿ ಬೇರೆ ಅಭಿಪ್ರಾಯ ಇರುವವರು ಸಿಗುವುದೂ ಕಷ್ಟ.

ಗೋಲ್‌ಕೀಪರ್ ಕಥೆಗೇ ಒಂದು ಬರಹ ಬೇಕು. ಈಗ ಗೋಲ್‌ಕೀಪರ್ ಮಂಡಿಯೂರಿ, ಕಾಲು ಚಾಚಿ, ಮಲಗಿ ಪಕ್ ತಡೆಯುವುದನ್ನು ನೋಡುತ್ತೀರಿ. ಒಂದು ಕಾಲದಲ್ಲಿ ಅದು ತಪ್ಪು. ನಿಂತೇ ತಡೆಯಬೇಕಿತ್ತು. ಒಟ್ಟಾವಾ ತಂಡದ ಕ್ಲಿಂಟ್ ಬೆನೆಡಿಕ್ಟ್ ಪ್ರತಿ ಸಲವೂ "ಅಯ್ಯೋ ಜಾರಿದೆ" ಅನ್ನುವ ಹಾಗೆ ಮಂಡಿಯೂರುತ್ತಿದ್ದರು. ಟೊರಾಂಟೊದ ಜನ ಅವರನ್ನು ಪ್ರಾರ್ಥನೆ ಮಾಡುವ ಬೆನ್ನಿ ಅಂತ ರೇಗಿಸುತ್ತಿದ್ದರು. ಜಾರಿದ್ದು ನಿಜವೋ ಬೇಕಂತಲೋ ಅಂತ ರೆಫರಿ ಹೇಗೆ ತೀರ್ಮಾನಿಸಬೇಕು? ಎನ್‌ಎಚ್‌ಎಲ್ ಶುರುವಾದದ್ದು 1917ರ ಕೊನೆಯಲ್ಲಿ. ಮೊದಲ ಸೀಸನ್ ಮುಗಿಯುವ ಮುಂಚೆಯೇ, 1918ರ ಜನವರಿಯಲ್ಲಿ, ಲೀಗ್ ಸೋತು ಆ ನಿಯಮವನ್ನೇ ತೆಗೆಯಿತು. ಇಲ್ಲಿ ಗೆದ್ದವನು ಜಾಣ.

ಇದೇ ಬೆನೆಡಿಕ್ಟ್ 1930ರಲ್ಲಿ ಮೂಗು ಮುರಿದ ಮೇಲೆ ಚರ್ಮದ ಮುಖವಾಡ ಹಾಕಿಕೊಂಡು ಕೆಲವು ಪಂದ್ಯ ಆಡಿದರು. ಆದರೆ ಅದು ನಿಲ್ಲಲಿಲ್ಲ. ಮುಖವಾಡ ಹಾಕುವುದು ಹೇಡಿತನ, ಕಾಲಿನ ಹತ್ತಿರದ ಪಕ್ ಕಾಣುವುದಿಲ್ಲ ಅನ್ನುವ ಮಾತು ಬಹಳ ವರ್ಷ ನಡೆಯಿತು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್‌ನ ಜಾಕ್ ಪ್ಲಾಂಟ್ ಮುಖಕ್ಕೆ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಬಡಿಯಿತು. ಹೊಲಿಗೆ ಹಾಕಿಸಿಕೊಂಡರು. ಮುಖವಾಡ ಇಲ್ಲದೆ ಮತ್ತೆ ಇಳಿಯುವುದಿಲ್ಲ ಅಂದರು. ಕೋಚ್ ಟೋ ಬ್ಲೇಕ್‌ಗೆ ಒಂಚೂರೂ ಇಷ್ಟ ಇರಲಿಲ್ಲ. ಆದರೆ ಆಗ ತಂಡದಲ್ಲಿ ಎರಡನೇ ಗೋಲ್‌ಕೀಪರ್ ಇರುತ್ತಿರಲಿಲ್ಲ. ಒಪ್ಪಲೇಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು, ಪ್ಲಾಂಟ್ ಆಮೇಲೂ ಮುಖವಾಡ ಬಿಡಲಿಲ್ಲ. ಹದಿನೈದು ವರ್ಷದಲ್ಲಿ ಎನ್‌ಎಚ್‌ಎಲ್‌ನಲ್ಲಿ ಬರಿಮುಖದ ಗೋಲ್‌ಕೀಪರ್ ಒಬ್ಬರೂ ಉಳಿಯಲಿಲ್ಲ. ತನ್ನ ಮುಖ ಉಳಿಸಿಕೊಳ್ಳಲು ಒಬ್ಬ ಮನುಷ್ಯ ಹಟ ಹಿಡಿಯಬೇಕಾಯಿತಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಗೋಲ್‌ಕೀಪರ್ ಗೋಲು ಬಿಟ್ಟು ಓಡಿಹೋಗುವುದನ್ನು ಎರಡು ಸಂದರ್ಭದಲ್ಲಿ ನೋಡುತ್ತೀರಿ. ಕೊನೆಯ ಎರಡು ಮೂರು ನಿಮಿಷದಲ್ಲಿ ಒಂದು ಗೋಲಿನಿಂದ ಹಿಂದಿದ್ದರೆ, ಅವರನ್ನು ಕರೆಸಿಕೊಂಡು ಆರನೇ ಆಟಗಾರನನ್ನು ಇಳಿಸುತ್ತಾರೆ. ಎದುರಿನವರು ಖಾಲಿ ಗೋಲಿಗೆ ಹೊಡೆಯಬಹುದು, ಆದರೂ ಕಳೆದುಕೊಳ್ಳುವುದೇನಿದೆ? ಇನ್ನೊಂದು, ರೆಫರಿ ಕೈ ಎತ್ತಿ ನಿಂತಾಗ. ಪೆನಾಲ್ಟಿ ಆಗಿದೆ, ಆದರೆ ತಪ್ಪು ಮಾಡಿದ ತಂಡದ ಹಿಡಿತಕ್ಕೆ ಪಕ್ ಸಿಗುವವರೆಗೂ ಸೀಟಿ ಊದುವುದಿಲ್ಲ. ಸಿಕ್ಕ ತಕ್ಷಣ ಆಟ ನಿಲ್ಲುತ್ತದೆ. ಅಂದಮೇಲೆ ಅವರು ಗೋಲು ಹೊಡೆಯುವ ಹಾಗೇ ಇಲ್ಲ, ಗೋಲ್‌ಕೀಪರ್ ಯಾಕೆ ನಿಂತಿರಬೇಕು? ಈ ಒಂದನ್ನು ಆಫೀಸಿನಲ್ಲಿ ಹೇಳಿ ನೋಡಿ, ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ.

ಹೊಡೆದಾಟಕ್ಕೆ ಬರೋಣ. "ರೆಫರಿ ಯಾಕೆ ಸುಮ್ನೆ ನೋಡ್ತಾರೆ?" ಎನ್‌ಎಚ್‌ಎಲ್‌ನಲ್ಲಿ ಹೊಡೆದಾಟಕ್ಕೆ ಐದು ನಿಮಿಷದ ಪೆನಾಲ್ಟಿ ಇದೆ, ಸಾಮಾನ್ಯವಾಗಿ ಇಬ್ಬರಿಗೂ. ಒಲಿಂಪಿಕ್ಸ್‌ನಂಥ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಟದಿಂದಲೇ ಹೊರಗೆ ಹಾಕುತ್ತಾರೆ. ದೊಡ್ಡ ಆಟಗಾರರ ಮೈಮೇಲೆ ಬರುವವರನ್ನು ಹೆದರಿಸಲು ತಂಡಕ್ಕೊಬ್ಬ ಬಲಶಾಲಿ ಬೇಕು ಅನ್ನುವುದು ಹಳೇ ವಾದ. ಎಡ್ಮಂಟನ್‌ನಲ್ಲಿ ಗ್ರೆಟ್ಸ್ಕಿಯನ್ನು ಕಾಯುತ್ತಿದ್ದವರು ಡೇವ್ ಸೆಮೆಂಕೊ. ಆ ವಾದ ನನಗೆ ಅರ್ಥ ಆಗುತ್ತದೆ, ಒಪ್ಪಿಗೆ ಆಗುವುದಿಲ್ಲ. ಹೀಗೆ ಹೊಡೆದಾಡುವುದೇ ಕೆಲಸವಾಗಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ, 28ನೇ ವಯಸ್ಸಿನಲ್ಲಿ, ನೋವಿನ ಮಾತ್ರೆ ಮತ್ತು ಮದ್ಯ ಸೇರಿ ತೀರಿಕೊಂಡರು. ತಲೆಗೆ ಮತ್ತೆ ಮತ್ತೆ ಏಟು ಬಿದ್ದವರಲ್ಲಿ ಕಾಣುವ ಸಿಟಿಇ ಅನ್ನುವ ಕಾಯಿಲೆ ಅವರ ಮಿದುಳಿನಲ್ಲಿ ಕಂಡಿತು. ಈಗ ಹೊಡೆದಾಟ ಮೊದಲಿಗಿಂತ ತುಂಬಾ ಕಮ್ಮಿ ಆಗಿದೆ. ಪೂರ್ತಿ ನಿಂತರೂ ಆಟಕ್ಕೆ ಏನೂ ಕೊರತೆ ಆಗುವುದಿಲ್ಲ.

ಹೊಡೆದಾಟ ಬೇರೆ, ಡಿಕ್ಕಿ ಬೇರೆ. ಪಕ್ ಹಿಡಿದವನಿಗೆ ಭುಜದಿಂದ, ಮೈಯಿಂದ ಗುದ್ದುವುದು ನಿಯಮದ ಒಳಗೇ ಇದೆ. ಇದನ್ನು ನೋಡಿ ಅಪ್ಪ ಅಮ್ಮಂದಿರು ಹೆದರುತ್ತಾರೆ. ಮಗುವನ್ನು ಸೇರಿಸಬೇಕೋ ಬೇಡವೋ ಅಂತ ಯೋಚಿಸುವವರಿಗೆ ಒಂದು ಮಾತು: ಹಾಕಿ ಕೆನಡಾ 2013ರಲ್ಲೇ 11-12ರ ವಯಸ್ಸಿನ ಗುಂಪಿನಿಂದಲೂ ಈ ಡಿಕ್ಕಿಯನ್ನು, ಅಂದರೆ ಬಾಡಿ ಚೆಕಿಂಗ್ ಅನ್ನು, ತೆಗೆದುಹಾಕಿದೆ. ಚಿಕ್ಕ ಮಕ್ಕಳ ಆಟದಲ್ಲಿ ಅದು ಇಲ್ಲ. ಮುಖಕ್ಕೆ ಪೂರ್ತಿ ಜಾಲರಿ ಇರುವ ಹೆಲ್ಮೆಟ್ ಕಡ್ಡಾಯ. ಕಷ್ಟ ಇರುವುದು ಬೇರೆ ಕಡೆ. ಬೆಳಗಿನ ಜಾವ ಕತ್ತಲಲ್ಲಿ ಏಳಬೇಕು. ಸಾಮಾನು ದುಬಾರಿ, ಹಾಗಾಗಿ ಮೊದಲ ವರ್ಷ ಹಳೇ ಸಾಮಾನಿನ ಅಂಗಡಿಯಲ್ಲೇ ತನ್ನಿ, ಮಕ್ಕಳ ಕಾಲು ನಿಲ್ಲುವುದಿಲ್ಲ. ಸ್ಕೇಟ್ ಲೇಸು ಬಿಗಿಯುವುದು ಒಂದು ವಿದ್ಯೆ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿಸಿ ಹಿಂದಕ್ಕೆ ಕೂರಿಸಬೇಕು, ಬೆರಳ ಕಡೆ ಸಡಿಲ, ಕಣಕಾಲಿನ ಹತ್ತಿರ ಬಿಗಿ. ಡ್ರೆಸಿಂಗ್ ರೂಮಿನಲ್ಲಿ ನೀವು ಮಂಡಿಯೂರಿ ಲೇಸಿನ ಜೊತೆ ಒದ್ದಾಡುತ್ತಿದ್ದರೆ ಪಕ್ಕದ ಮಗುವಿನ ಅಪ್ಪ ತಾನಾಗಿಯೇ ಬಂದು ತೋರಿಸಿಕೊಡುತ್ತಾರೆ. ಈ ಊರಿನಲ್ಲಿ ನನಗೆ ಸ್ನೇಹಿತರು ಸಿಕ್ಕಿದ್ದು ಹೆಚ್ಚಾಗಿ ಅಲ್ಲೇ, ಆ ಒದ್ದೆ ರಬ್ಬರ್ ಹಾಸಿನ ಮೇಲೆ.

ಹೆಣ್ಣುಮಕ್ಕಳಿಗೂ ಆಗುತ್ತಾ ಅಂತ ಕೇಳುವವರಿಗೆ ಹೇಲಿ ವಿಕನ್‌ಹೈಸರ್ ಹೆಸರು ಹೇಳುತ್ತೇನೆ. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದು ಆಮೇಲೆ ಡಾಕ್ಟರಾದವರು. ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿಯಲ್ಲಿ ಶುರುವಾಯಿತು. ನಮ್ಮ ದೇಶದಲ್ಲೂ ಲಡಾಖಿನ ಹುಡುಗಿಯರು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಬೆಳೆದು ಭಾರತ ತಂಡ ಕಟ್ಟಿದ್ದಾರೆ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ಮೇಲೆ ಮೊದಲ ಅಂತರರಾಷ್ಟ್ರೀಯ ಗೆಲುವು, 2025ರ ಏಷ್ಯಾ ಕಪ್‌ನಲ್ಲಿ ಕಂಚು. ಇದನ್ನು ಹೇಳಿದರೆ ಇಲ್ಲಿನ ಕೆನಡಿಯನ್ನರೂ ಕುತೂಹಲದಿಂದ ಕೇಳುತ್ತಾರೆ.

ಪಂದ್ಯ ಸಮ ಆದರೆ? ಲೀಗ್ ಪಂದ್ಯಗಳಲ್ಲಿ ಐದು ನಿಮಿಷ ಮೂರು ಮೂರು ಜನ ಆಡುತ್ತಾರೆ, ಆಗಲೂ ತೀರ್ಮಾನ ಆಗದಿದ್ದರೆ ಶೂಟೌಟ್, ಅಂದರೆ ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು. ಏಪ್ರಿಲ್‌ನಲ್ಲಿ ಶುರುವಾಗುವ ಪ್ಲೇಆಫ್‌ನಲ್ಲಿ, ಅಂದರೆ ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ, ಶೂಟೌಟ್ ಇಲ್ಲ. ಯಾರಾದರೂ ಗೋಲು ಹೊಡೆಯುವವರೆಗೆ 20 ನಿಮಿಷದ ಪೀರಿಯಡ್‌ಗಳು ಒಂದಾದ ಮೇಲೊಂದು. 1936ರ ಮಾರ್ಚ್ 24ರಂದು ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ಆಡಿದ ಪಂದ್ಯ ಆರನೇ ಓವರ್‌ಟೈಮಿನವರೆಗೆ ಹೋಯಿತು. ಮಧ್ಯರಾತ್ರಿ ಎರಡು ಗಂಟೆ ದಾಟಿದ ಮೇಲೆ ಮಡ್ ಬ್ರುನೆಟೊ ಅನ್ನುವ ಹೊಸ ಹುಡುಗ ಪಂದ್ಯದ ಒಂದೇ ಒಂದು ಗೋಲು ಹೊಡೆದ. ಇವತ್ತಿಗೂ ಎನ್‌ಎಚ್‌ಎಲ್‌ನ ಅತಿ ಉದ್ದದ ಪಂದ್ಯ ಅದೇ.

ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಸ್ಟ್ಯಾನ್ಲಿ ಕಪ್. ಕೆನಡಾದ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟದ್ದು. ಗೆದ್ದವರ ಹೆಸರು ಅದರ ಮೇಲೆ ಕೆತ್ತುತ್ತಾರೆ, ಪ್ರತಿ ಆಟಗಾರನೂ ಒಂದು ದಿನ ಅದನ್ನು ತನ್ನ ಊರಿಗೆ ಒಯ್ಯಬಹುದು. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೆ ಕೆನಡಾದ ಯಾವ ತಂಡಕ್ಕೂ ಅದು ಸಿಕ್ಕಿಲ್ಲ. 2024ರ ಫೈನಲ್‌ನಲ್ಲಿ ನಮ್ಮ ಆಯ್ಲರ್ಸ್ ಫ್ಲೋರಿಡಾ ವಿರುದ್ಧ ಮೊದಲ ಮೂರೂ ಪಂದ್ಯ ಸೋತರು, ಆಮೇಲಿನ ಮೂರನ್ನು ಗೆದ್ದರು, ಏಳನೆಯದನ್ನು 2-1ರಿಂದ ಕಳೆದುಕೊಂಡರು. ಸೋತ ತಂಡದ ಕಾನರ್ ಮೆಕ್‌ಡೇವಿಡ್‌ಗೆ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅನ್ನುವ ಬಹುಮಾನ ಬಂತು. ಮರುವರ್ಷ ಅದೇ ಫ್ಲೋರಿಡಾಕ್ಕೆ ಮತ್ತೆ ಸೋಲು. ಜೂನ್‌ನಲ್ಲಿ ನಿಮ್ಮ ಆಫೀಸಿನವರು ಮಂಕಾಗಿದ್ದರೆ ಕಾರಣ ಗೊತ್ತಿರಲಿ.

ಭಾಷೆಯ ತೊಂದರೆ ಇದ್ದರೆ, ಹಿಂದಿ ಪಂಜಾಬಿ ಸ್ವಲ್ಪ ಬರುವುದಾದರೆ, ಪಂಜಾಬಿ ಕಾಮೆಂಟರಿ ಕೇಳಿ. 2008ರಿಂದ ಹಾಕಿ ನೈಟ್ ಇನ್ ಕೆನಡಾ ಅನ್ನುವ ಟೀವಿ ಕಾರ್ಯಕ್ರಮ ಪಂಜಾಬಿಯಲ್ಲೂ ಬಂದಿದೆ. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಹರ್ನಾರಾಯಣ್ ಸಿಂಗ್ ನಮ್ಮ ಆಲ್ಬರ್ಟಾದ ಬ್ರೂಕ್ಸ್ ಅನ್ನುವ ಸಣ್ಣ ಊರಿನವರು. ಕನ್ನಡದಲ್ಲೂ ಯಾರಾದರೂ ಒಂದು ದಿನ ಮಾಡಬೇಕು ಅಂತ ನನ್ನ ಆಸೆ.

ಕೊನೆಯದಾಗಿ, ಮೊದಲ ಪಂದ್ಯ ಎಲ್ಲಿ ನೋಡಬೇಕು? ಎನ್‌ಎಚ್‌ಎಲ್ ಟಿಕೆಟ್ ದುಬಾರಿ. ಆಯ್ಲರ್ಸ್ ಆಡುವ ರೋಜರ್ಸ್ ಪ್ಲೇಸ್ ರಿಂಕ್‌ನಲ್ಲೇ ಜೂನಿಯರ್ ತಂಡ ಆಯಿಲ್ ಕಿಂಗ್ಸ್ ಆಡುತ್ತದೆ, ಅದರ ಟಿಕೆಟ್ ತುಂಬಾ ಕಮ್ಮಿಗೆ ಸಿಗುತ್ತದೆ, ಆಟವೂ ಚುರುಕು. ಸ್ವಲ್ಪ ಮೇಲಿನ ಸೀಟು ತಗೊಳ್ಳಿ, ಮೂರೂ ಗೆರೆ ಒಟ್ಟಿಗೆ ಕಾಣಬೇಕು. ಬಿಡುವಿನಲ್ಲಿ ಬೇಗ ಎದ್ದು ಹೋಗಬೇಡಿ, ಝಾಂಬೋನಿ ಗಾಡಿ ಮಂಜು ಹೆರೆದು, ಬಿಸಿನೀರು ಸವರಿ, ಗಾಜಿನ ಹಾಗೆ ಮಾಡುವುದನ್ನು ಮಕ್ಕಳಿಗೆ ತೋರಿಸಿ. ಆಟ ನಡೆಯುವಾಗ ಫೋನ್ ಜೇಬಲ್ಲಿರಲಿ. ಗೋಲುಗಳ ಹಿಂದೆ ಮೇಲಕ್ಕೆ ಬಲೆ ಕಟ್ಟಿರುವುದು ಕಾಣುತ್ತದೆ. 2002ರಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಪಕ್ ಬಡಿದು 13 ವರ್ಷದ ಹುಡುಗಿ ತೀರಿಹೋದ ಮೇಲೆ ಎಲ್ಲ ಎನ್‌ಎಚ್‌ಎಲ್ ರಿಂಕ್‌ಗಳಲ್ಲೂ ಅದನ್ನು ಕಡ್ಡಾಯ ಮಾಡಿದರು. ಪಕ್ಕದ ಸೀಟುಗಳ ಮುಂದೆ ಬಲೆ ಇಲ್ಲ, ಗಾಜಿನ ಮೇಲಿಂದ ಪಕ್ ಹಾರಿ ಬರಬಹುದು. ಅಲ್ಲಿ ಕೂತರೆ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾರಿಗೂ ಏಟಾಗದೆ ಪಕ್ ನಿಮ್ಮ ಕೈಗೆ ಬಂದರೆ ವಾಪಸ್ ಕೊಡಬೇಕಾಗಿಲ್ಲ, ಮನೆಗೆ ತಗೊಂಡು ಹೋಗಬಹುದು.